ಕಂಪ್ಯೂಟರ್ ರಿಪೇರಿಯ ಹೆಸರಿನಲ್ಲಿ ಕ್ರ್ಯಾಕ್ ವಿಂಡೋಸ್ ಬೇಡ

ಸಂಪಾದಕರಿಗೆ,

ಮಾನ್ಯರೇ,

ಧಾರವಾಡದ ಸಪ್ತಾಪುರದ ಮನೆಯಲ್ಲಿ ಹದಿನಾರು ವರ್ಷಗಳಿಂದ ಡಿಟಿಪಿ ಕೆಲಸ ಮಾಡಿಕೊಂಡು ಬಂದಿದ್ದೇನೆ. ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧ, ಸಂಘ-ಸಂಸ್ಥೆಗಳ ಸ್ಮರಣ ಸಂಚಿಕೆ, ಲಗ್ನಪತ್ರಿಕೆ ಇವು ನನ್ನ ದಿನನಿತ್ಯದ ಕೆಲಸ. ನಮ್ಮ ಅವಳಿ ನಗರದಲ್ಲಿ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿತೆಂದರೆ ಅಂಗಡಿಗೆ ಒಯ್ದು, ಫಾರ್ಮ್ಯಾಟ್ ಹೊಡೆಸಿ, ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ ಚಾಲೂ ಮಾಡಿದ ವಿಂಡೋಸ್ ಹಾಕಿಸಿಕೊಂಡು ಬರುವುದು ರೂಢಿಯಾಗಿಬಿಟ್ಟಿದೆ. ಈ ರೂಢಿ ಅಪಾಯಕಾರಿಯಾದದ್ದು, ಎಷ್ಟೋ ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ ಎಂಬುದನ್ನು ನನ್ನದೇ ನಷ್ಟದಿಂದ ತಿಳಿದುಕೊಂಡಿರುವ ಕಾರಣ, ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ರಿಪೇರಿ ಅಂಗಡಿಯವರ ಗಮನಕ್ಕೆ ಕೆಲವು ಸಂಗತಿಗಳನ್ನು ತರಬಯಸುತ್ತೇನೆ.

ಸಪ್ತಾಪುರವೆಂದರೆ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳ, ಓದುವ ಕೋಣೆಗಳ, ಝೆರಾಕ್ಸ್ ಅಂಗಡಿಗಳ ಬಡಾವಣೆ. ಅರ್ಜಿ, ಹಾಲ್ ಟಿಕೆಟ್, ನೋಟ್ಸುಗಳ ಪ್ರಿಂಟ್ ತೆಗೆಸಲು ಬರುವ ಹುಡುಗ ಹುಡುಗಿಯರ ಪೆನ್‌ಡ್ರೈವುಗಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಕಂಪ್ಯೂಟರನ್ನು ಒಂದಾದ ಮೇಲೊಂದು ಹೊಕ್ಕು ಹೊರಬರುತ್ತವೆ. ಹೋದ ವರ್ಷ ಜೂನ್ ತಿಂಗಳಲ್ಲಿ ಅಂಥದೊಂದು ಪೆನ್‌ಡ್ರೈವ್ ಮಹಾಪ್ರಬಂಧದ ಕರಡಿನೊಂದಿಗೆ ನನ್ನ ಮನೆಗೂ ಬಂತು. ಒಳಗಿದ್ದ ಫೋಲ್ಡರಿನ ಎಡಗಡೆಯ ಕೆಳಮೂಲೆಯಲ್ಲಿ ಚಿಕ್ಕದೊಂದು ಬಾಣದ ಗುರುತು ಇತ್ತು. ಎರಡು ಸಲ ಕ್ಲಿಕ್ ಮಾಡಿದಾಗ ಅದು ಎಂದಿನಂತೆಯೇ ತೆರೆದುಕೊಂಡದ್ದರಿಂದ ನನಗೆ ಯಾವ ಅನುಮಾನವೂ ಬರಲಿಲ್ಲ. ಮರುದಿನ ನನ್ನ ಸ್ವಂತ ಪೆನ್‌ಡ್ರೈವಿನ ಎಲ್ಲ ಫೋಲ್ಡರುಗಳ ಮೇಲೂ ಅದೇ ಬಾಣ ಕಾಣಿಸಿತು. ನಾಲ್ಕಾರು ದಿನಗಳಲ್ಲಿ ಯಾವುದೂ ತೆರೆಯದಂತಾಯಿತು. ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿಯ ಹುಡುಗ, "ವೈರಸ್ ಭಾಳ ಆಗೇತ್ರಿ ಅಕ್ಕಾರ, ಫಾರ್ಮ್ಯಾಟ್ ಹೊಡದ್ರನ ಸರಿ ಆಗತೈತ್ರಿ" ಎಂದ. ಬೇರೆ ದಾರಿಯಿಲ್ಲವೆಂದು ನಂಬಿ ನಾನು ಒಪ್ಪಿದೆ. ಕಂಪ್ಯೂಟರಿನ ಸಿ ಮತ್ತು ಡಿ ಡ್ರೈವುಗಳೆರಡನ್ನೂ, ಜೊತೆಗೆ ಪೆನ್‌ಡ್ರೈವನ್ನೂ ಅಳಿಸಿ, ಕ್ರ್ಯಾಕ್ ವಿಂಡೋಸ್ ಹಾಕಿ, ಆರುನೂರು ರೂಪಾಯಿ ತೆಗೆದುಕೊಂಡು ಮರಳಿಸಿದರು. ನಮ್ಮ ತಂದೆಯವರು ಹಳ್ಳಿಹಳ್ಳಿ ತಿರುಗಿ ಭಜನೆಯವರ ಬಾಯಿಂದ ಕೇಳಿ ಬರೆದಿಟ್ಟಿದ್ದ ತತ್ವಪದಗಳನ್ನು ನಾನು ಎರಡು ವರ್ಷ ಬಿಡುವಾದಾಗಲೆಲ್ಲ ಕುಳಿತು ಟೈಪ್ ಮಾಡಿದ್ದ 140 ಪುಟಗಳು ಆ ಎರಡು ಕಡೆ ಮಾತ್ರ ಇದ್ದವು.

ಆ ಪುಟಗಳು ಅಳಿಯಬೇಕಾಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ಓಣಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಅದೇ ರೋಗ ತಗುಲಿದ ಇನ್ನೊಬ್ಬರ ಪೆನ್‌ಡ್ರೈವನ್ನು ನನ್ನೆದುರಿಗೇ ಪರೀಕ್ಷಿಸಿದ. ಬಾಣದ ಗುರುತಿದ್ದ ಒಂದೊಂದು ಫೋಲ್ಡರಿನ ಗಾತ್ರ ಬರೀ 2 ಕೆಬಿ; ಆದರೆ ಡ್ರೈವಿನ ಪ್ರಾಪರ್ಟೀಸ್ ತೆರೆದು ನೋಡಿದರೆ 6 ಜಿಬಿಯಷ್ಟು ಜಾಗ ತುಂಬಿಕೊಂಡಿತ್ತು. "ಏನೂ ಹೋಗಿಲ್ಲರಿ ಕಾಕು, ಎಲ್ಲಾ ಇಲ್ಲೇ ಅದಾವ್ರಿ" ಎಂದು ಅವನು ಆ ಅಂಕಿಯ ಮೇಲೆ ಬೆರಳಿಟ್ಟಾಗ ನನ್ನ ಕಣ್ಣು ತುಂಬಿಬಂತು. ಈ ಬಗೆಯ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಕಡತಗಳನ್ನು ಅಳಿಸುವುದಿಲ್ಲ. ಅವುಗಳಿಗೆ 'ಹಿಡನ್' ಮತ್ತು 'ಸಿಸ್ಟಂ' ಎಂಬ ಎರಡು ಗುಣಗಳನ್ನು ಹಚ್ಚಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅಲ್ಲಿಡುತ್ತದೆ. ಶಾರ್ಟ್‌ಕಟ್ ಒತ್ತಿದಾಗ ಮೊದಲು ಮಾಲ್‌ವೇರ್ ಚಾಲನೆಗೊಂಡು, ಆಮೇಲೆ ನಿಜವಾದ ಫೋಲ್ಡರ್ ತೆರೆದುಕೊಳ್ಳುವುದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ವಿಭಾಗದಲ್ಲಿ ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆ ಒತ್ತಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಂ ಕಡತಗಳನ್ನು ಅಡಗಿಸುವ ಗುರುತನ್ನೂ ತೆಗೆದರೆ ಕಡತಗಳೆಲ್ಲ ಮಸುಕಾಗಿ ಕಾಣಿಸಿಕೊಳ್ಳುತ್ತವೆ. ಕೆಲವು ಸಲ ಅವು ಹೆಸರಿಲ್ಲದ ಒಂದು ಫೋಲ್ಡರಿನೊಳಗೆ ಸೇರಿಕೊಂಡಿರುತ್ತವೆ. ಅವನ್ನು ನಕಲು ಮಾಡಿಕೊಂಡು ಆಮೇಲೆ ಡ್ರೈವನ್ನು ಸ್ವಚ್ಛ ಮಾಡಿದರಾಯಿತು. ಹತ್ತು ನಿಮಿಷದ ಕೆಲಸ.

ನನ್ನ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ರಿಪೇರಿಯಾಗಿ ಮೂರು ತಿಂಗಳಾಗಿರಬೇಕು, ನನ್ನ ಇಮೇಲಿನಿಂದ ನನ್ನ ಗ್ರಾಹಕರಿಗೆ "ತಿದ್ದಿದ ಪ್ರತಿ" ಎಂಬ ಹೆಸರಿನ ಕಡತವಿದ್ದ ಪತ್ರಗಳು ಹೋದವು. ನಾನು ಅವನ್ನು ಕಳಿಸಿರಲಿಲ್ಲ. ಕಡತದ ಹೆಸರು ಪಿಡಿಎಫ್ ಎಂದು ಮುಗಿದಂತೆ ಕಂಡರೂ ಅದರ ಹಿಂದೆ ಇಎಕ್ಸ್‌ಇ ಎಂಬ ಬಾಲ ಅಡಗಿತ್ತು. ವಿಂಡೋಸ್ ತಾನಾಗಿ ಆ ಬಾಲವನ್ನು ತೋರಿಸುವುದಿಲ್ಲ, ನಾವೇ ಅದೇ ವ್ಯೂ ವಿಭಾಗದಲ್ಲಿ ಆಯ್ಕೆ ಮಾಡಿಕೊಳ್ಳಬೇಕು. ನನ್ನನ್ನು ನಂಬಿ ಅದನ್ನು ತೆರೆದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಲ್ಯಾಪ್‌ಟಾಪ್ ಕೂಡ ಕೆಟ್ಟಿತು. ಓಣಿಯ ಅದೇ ವಿದ್ಯಾರ್ಥಿ ಬಂದು ನನ್ನ ಕಂಪ್ಯೂಟರಿನ ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, 'ಎಕ್ಸ್‌ಕ್ಲೂಷನ್ಸ್' ಎಂಬ ಪಟ್ಟಿ ತೋರಿಸಿದ. ಅಲ್ಲಿ ಸಿ ಡ್ರೈವ್ ಇಡಿಯಾಗಿ ಕುಳಿತಿತ್ತು. ಅಂದರೆ, ಇಲ್ಲಿ ಏನಿದ್ದರೂ ನೋಡಬೇಡ ಎಂದು ಆಂಟಿವೈರಸ್ಸಿಗೆ ಅಪ್ಪಣೆ ಕೊಟ್ಟಂತೆ. ವಿಂಡೋಸ್ ಅಪ್‌ಡೇಟನ್ನೂ ನಿಲ್ಲಿಸಲಾಗಿತ್ತು.

ಇದಕ್ಕೆ ಕಾರಣ ಸರಳವಾಗಿದೆ. ಕ್ರ್ಯಾಕ್ ಮಾಡಲು ಬಳಸುವ ಆಕ್ಟಿವೇಟರ್ ತಂತ್ರಾಂಶಗಳನ್ನು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಹಿಡಿದು ತೆಗೆದುಹಾಕುತ್ತದೆ. ಆದ್ದರಿಂದ ಅವನ್ನು ಹಾಕುವವರು ಮೊದಲು ಡಿಫೆಂಡರಿನ ಕಣ್ಣು ಕಟ್ಟುತ್ತಾರೆ. ಮುಂದೆ ಕ್ರ್ಯಾಕ್ ಕೈಕೊಡಬಾರದೆಂದು ಅಪ್‌ಡೇಟ್ ನಿಲ್ಲಿಸುತ್ತಾರೆ. ಯಾರು ಬರೆದರೆಂಬುದೇ ಗೊತ್ತಿಲ್ಲದ ಆಕ್ಟಿವೇಟರಿನೊಳಗೆ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಸೇರಿಕೊಂಡಿದ್ದರೆ ಅದನ್ನು ತಡೆಯುವವರೇ ಇರುವುದಿಲ್ಲ. ಅಪ್‌ಡೇಟ್ ನಿಲ್ಲಿಸುವುದರ ಪರಿಣಾಮವನ್ನು ಜಗತ್ತು 2017ರಲ್ಲಿ ಕಂಡಿದೆ. ಆ ವರ್ಷದ ಮೇ 12ರಂದು ಹರಡತೊಡಗಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ತೆರೆಯಲು 300 ಡಾಲರ್ ಮೊತ್ತದ ಬಿಟ್‌ಕಾಯಿನ್ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು.

ಇನ್ನೊಂದು ಸಂಗತಿಯನ್ನು ಓದುಗರು ಅವಶ್ಯವಾಗಿ ಗಮನಿಸಬೇಕು. ನನ್ನದು 2019ರಲ್ಲಿ ಬಿಲ್ಲು ಪಡೆದು ಕೊಂಡ ಕಂಪನಿಯ ಕಂಪ್ಯೂಟರ್. ಅದರೊಂದಿಗೆ ಅಸಲಿ ವಿಂಡೋಸ್ 10 ಹೋಮ್ ಬಂದಿತ್ತು. ವಿಂಡೋಸ್ 8ರ ಕಾಲದಿಂದ ಇಂಥ ಕಂಪ್ಯೂಟರುಗಳ ಲೈಸೆನ್ಸ್ ಕೀಲಿಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲಿಯೇ ಅಡಕಗೊಳಿಸಿರುತ್ತಾರೆ. ಹಾರ್ಡ್‌ಡಿಸ್ಕ್ ಎಷ್ಟು ಸಲ ಅಳಿಸಿದರೂ ಅದು ಹೋಗುವುದಿಲ್ಲ. ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ವಿಂಡೋಸ್ ತಾನೇ ಕೀಲಿಯನ್ನು ಗುರುತಿಸಿಕೊಳ್ಳುತ್ತದೆ. ಅಂಗಡಿಯವರು ತಮ್ಮಲ್ಲಿ ಸಿದ್ಧವಿರುವ 'ಪ್ರೊ' ಆವೃತ್ತಿಯನ್ನು ಎಲ್ಲರ ಕಂಪ್ಯೂಟರಿಗೂ ಹಾಕುವುದರಿಂದ ಕೀಲಿ ಹೊಂದಾಣಿಕೆಯಾಗದೆ ಕ್ರ್ಯಾಕ್ ಬೇಕಾಗುತ್ತದೆ. ಹೀಗೆ ನಾವು ಹಣ ಕೊಟ್ಟು ಕೊಂಡ ಅಸಲಿ ವಿಂಡೋಸನ್ನು ತೆಗೆಸಿ, ಮತ್ತೆ ಹಣ ಕೊಟ್ಟು ನಕಲಿಯನ್ನು ಹಾಕಿಸಿಕೊಂಡು ಬರುತ್ತಿದ್ದೇವೆ. ನಕಲಿ ಎಂದು ತಿಳಿದೂ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ಹಾಕಿಕೊಟ್ಟವರ ಜೊತೆಗೆ ಬಳಸುವವರೂ ಅದಕ್ಕೆ ಹೊಣೆಯಾಗುತ್ತಾರೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಅನುಮಾನ ಬಂದ ತಕ್ಷಣ ಇಂಟರ್ನೆಟ್ ಕೇಬಲ್ ತೆಗೆಯಬೇಕು ಅಥವಾ ವೈಫೈ ಆರಿಸಬೇಕು. ಬರಹ, ಫೋಟೊ ಮೊದಲಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ತೆಗೆದಿಟ್ಟುಕೊಳ್ಳಬೇಕು. ತಂತ್ರಾಂಶಗಳನ್ನು ಮಾತ್ರ ನಕಲು ಮಾಡಬಾರದು. ಎಕ್ಸ್‌ಕ್ಲೂಷನ್ ಪಟ್ಟಿಯನ್ನು ಖಾಲಿ ಮಾಡಿ, ಡಿಫೆಂಡರ್ ಅಪ್‌ಡೇಟ್ ಆಗುವಷ್ಟು ಹೊತ್ತು ಸಂಪರ್ಕ ಕೊಟ್ಟು, ಫುಲ್ ಸ್ಕ್ಯಾನ್ ಮಾಡಿಸಬೇಕು. ಅನಂತರ ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಆಫ್‌ಲೈನ್ ಸ್ಕ್ಯಾನನ್ನು ತಪ್ಪದೆ ಮಾಡಬೇಕು. ವಿಂಡೋಸ್ ನಡೆಯುತ್ತಿರುವಾಗ ತನ್ನನ್ನು ಅಡಗಿಸಿಕೊಳ್ಳಬಲ್ಲ ಮಾಲ್‌ವೇರ್, ಕಂಪ್ಯೂಟರ್ ಮರುಚಾಲನೆಗೊಂಡು ವಿಂಡೋಸ್ ಏಳುವ ಮುಂಚೆಯೇ ನಡೆಯುವ ಈ ತಪಾಸಣೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಇದಕ್ಕೆ ಹಿಡಿಯುವ ಸಮಯ ಸುಮಾರು 15 ನಿಮಿಷ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್ ಎಂಬ ಇನ್ನೊಂದು ತಪಾಸಣಾ ತಂತ್ರಾಂಶದ ಉಚಿತ ಆವೃತ್ತಿ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿಯೂ ಉಚಿತ ಸಾಧನಗಳಿವೆ. ಬ್ರೌಸರಿನಲ್ಲಿ ನಾವು ಹಾಕದ ಎಕ್ಸ್‌ಟೆನ್ಷನ್ ಕಂಡರೆ ತೆಗೆಯಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಸ್ವಚ್ಛ ಸಾಧನದಿಂದ, ಉದಾಹರಣೆಗೆ ನಮ್ಮ ಮೊಬೈಲಿನಿಂದ ಬದಲಿಸಿ, ಎಲ್ಲ ಕಡೆಯಿಂದಲೂ ಲಾಗ್ಔಟ್ ಮಾಡಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಬೇಕು. ರೋಗವಿರುವ ಯಂತ್ರದಲ್ಲಿಯೇ ಕುಳಿತು ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳರ ಕೈಸೇರುತ್ತದೆ. ಇಷ್ಟಾದ ಮೇಲೂ ಸಂಶಯ ಉಳಿದರೆ ಫಾರ್ಮ್ಯಾಟ್ ಮಾಡುವುದೇ ಸರಿ. ನನ್ನ ಕಂಪ್ಯೂಟರಿಗೂ ಕೊನೆಗೆ ಅದನ್ನೇ ಮಾಡಬೇಕಾಯಿತು. ಆದರೆ ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಇಳಿಸಿಕೊಂಡ ವಿಂಡೋಸನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿಕೊಂಡು ನಮ್ಮ ಅಸಲಿ ಹೋಮ್ ಆವೃತ್ತಿಯನ್ನೇ ಮರಳಿ ಹಾಕಿದೆವು. ಕೀಲಿ ಕೇಳಲೇ ಇಲ್ಲ.

ಪರದೆಯ ಮೇಲೆ ಕೆಂಪು ಬಣ್ಣದಲ್ಲಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬರುವ ಸೂಚನೆಗಳನ್ನು ಯಾರೂ ನಂಬಬಾರದು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್ (ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶ) ಹಾಕಿಕೊಂಡು ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಿಂಡೋಸ್ 10ಕ್ಕೆ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿರುವುದರಿಂದ ಈ ವಿಷಯ ಇನ್ನಷ್ಟು ತುರ್ತಿನದಾಗಿದೆ. ಯಂತ್ರ ಒಗ್ಗಿದರೆ ಅಸಲಿ ವಿಂಡೋಸ್ 10 ಇರುವವರಿಗೆ ವಿಂಡೋಸ್ 11 ಉಚಿತವಾಗಿ ಸಿಗುತ್ತದೆ. ಹಳೆಯ ಯಂತ್ರಗಳಿಗೆ ಅದು ಕೂಡುವುದಿಲ್ಲ. ಬರೀ ಬರವಣಿಗೆ, ಇಮೇಲ್, ಬ್ರೌಸಿಂಗ್ ಸಾಕೆನ್ನುವವರು ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು, ಅದರಲ್ಲಿ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆಯೂ ಇದೆ. ನಮ್ಮ ಡಿಟಿಪಿ ವೃತ್ತಿಯವರ ಪರಿಸ್ಥಿತಿ ಹೆಚ್ಚು ಕಷ್ಟದ್ದು. ಪುಟ ವಿನ್ಯಾಸಕ್ಕೆ ನಾವು ಬಳಸುವ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಇಂದಿಗೂ ಅದರ ನಕಲು ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟುತ್ತಲೇ ಇವೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತಿದ್ದರೂ ಅದನ್ನು ಸಿಕ್ಕಸಿಕ್ಕ ಜಾಲತಾಣಗಳಿಂದ ಇಳಿಸಿಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ರಿಪೇರಿ ಅಂಗಡಿಯವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಫಾರ್ಮ್ಯಾಟ್ ಮಾಡುವ ಮುನ್ನ ಗ್ರಾಹಕರಿಗೆ ಯಾವ ಕಡತ ಬೇಕೆಂದು ಕೇಳಿ ತೆಗೆದಿಡಿ. ಯಂತ್ರದ ಕೀಲಿ ಯಾವ ಆವೃತ್ತಿಯದೆಂದು ನೋಡಿ ಅದನ್ನೇ ಹಾಕಿ. ಏನು ಹಾಕಿದಿರೆಂಬುದನ್ನು ಬಿಲ್ಲಿನಲ್ಲಿ ಬರೆದುಕೊಡಿ. ಈ ಕೆಲಸಕ್ಕೆ ಇನ್ನೂರು ರೂಪಾಯಿ ಹೆಚ್ಚು ಕೇಳಿದರೂ ಜನ ಕೊಡುತ್ತಾರೆ, ನಾನಂತೂ ಕೊಡುತ್ತೇನೆ. ಝೆರಾಕ್ಸ್ ಅಂಗಡಿಗಳವರು ಪ್ರತಿ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಯೇ ತೆರೆಯುವ ಅಭ್ಯಾಸ ಇಟ್ಟುಕೊಳ್ಳಬೇಕು. ಸಾಧ್ಯವಾದಷ್ಟು ಇಮೇಲಿನಲ್ಲಿ ಪಿಡಿಎಫ್ ತರಿಸಿಕೊಂಡು ಪ್ರಿಂಟ್ ಕೊಡುವುದು ಒಳ್ಳೆಯದು. ಐಐಟಿ, ಐಐಐಟಿ ಮತ್ತು ಹಲವು ಎಂಜಿನಿಯರಿಂಗ್ ಕಾಲೇಜುಗಳಿರುವ ಊರು ನಮ್ಮದು. ಅಲ್ಲಿಯ ವಿದ್ಯಾರ್ಥಿಗಳು ತಿಂಗಳಿಗೊಂದು ರವಿವಾರ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಜನರ ಕಂಪ್ಯೂಟರುಗಳನ್ನು ಪರೀಕ್ಷಿಸಿ ಹೇಳುವ ಏರ್ಪಾಡು ಮಾಡಿದರೆ, ನನ್ನಂಥವರು ಹೇಳಿದ್ದನ್ನೆಲ್ಲ ನಂಬಿ ಒಪ್ಪಿಗೆ ಕೊಡುವುದು ತಪ್ಪುತ್ತದೆ.

ತಂದೆಯವರ ಕೈಬರಹದ ವಹಿಗಳು ಮನೆಯಲ್ಲಿಯೇ ಇರುವುದರಿಂದ ತತ್ವಪದಗಳನ್ನು ಮೊದಲಿನಿಂದ ಮತ್ತೆ ಟೈಪ್ ಮಾಡುತ್ತಿದ್ದೇನೆ; ಈಗ 62ನೆಯ ಪುಟದಲ್ಲಿದ್ದೇನೆ. ಪ್ರತಿ ಶನಿವಾರ ಸಂಜೆ ಒಂದು ಪ್ರತಿ ಗೂಗಲ್ ಡ್ರೈವಿಗೆ, ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕಬಲ್ಲದಾದ್ದರಿಂದ, ನಕಲು ಮುಗಿದ ಕೂಡಲೇ ಕೇಬಲ್ ಬಿಚ್ಚಿ ಡಿಸ್ಕನ್ನು ಆ ವಹಿಗಳ ಪಕ್ಕದಲ್ಲಿ ಕಪಾಟಿನೊಳಗಿಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ವೃತ್ತಿಯ ಓದುಗರು
ಸಪ್ತಾಪುರ, ಧಾರವಾಡ