ಏಟು ಕೇಳದಿದ್ದರೆ ವಾಲ್ಯೂಮ್ ಏರಿಸಬೇಡಿ, ಕಿಕ್ ಬದಲಿಸಿ

ಮಾನ್ಯ ಸಂಪಾದಕರೇ,

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಹುಡುಗರು ಮನೆಯ ಲ್ಯಾಪ್‌ಟಾಪ್‌ನಲ್ಲೇ ಡಾನ್ಸ್ ಟ್ರ್ಯಾಕ್ ಕಟ್ಟಲು ಕೂರುತ್ತಾರೆ. ಸಂತೋಷದ ವಿಷಯ. ಆದರೆ ಮೆರವಣಿಗೆಯ ಬಾಕ್ಸಿಗೆ ಹಾಕಿದಾಗ ಹಲವು ಟ್ರ್ಯಾಕ್‌ಗಳು ಬರೀ ಗುಂಯ್‌ಗುಡುತ್ತವೆ, ಏಟು ಬೀಳುವುದೇ ಇಲ್ಲ. ಆಗ ವಾಲ್ಯೂಮ್ ಏರುತ್ತದೆ, ಬೀದಿಯವರ ಕಿವಿಗೆ ಕಷ್ಟ. ತಪ್ಪು ಬಹುತೇಕ ಇರುವುದು ಡ್ರಮ್ ಸದ್ದಿನ ಆಯ್ಕೆಯಲ್ಲಿ.

ಮೊದಲು ಕಿಕ್, ಅಂದರೆ ತಾಳ ಹಿಡಿಯುವ ದಪ್ಪ ಡ್ರಮ್ ಏಟು. ವೇಗ 128 ಬಿಪಿಎಂ (ನಿಮಿಷಕ್ಕೆ 128 ಏಟು) ಇದ್ದರೆ ಒಂದು ಏಟಿನಿಂದ ಇನ್ನೊಂದಕ್ಕೆ ಸಿಗುವ ಜಾಗ ಸುಮಾರು 469 ಮಿಲಿಸೆಕೆಂಡ್. ಬೇಸ್ (ಹಾಡಿನ ತಗ್ಗು ಸ್ವರಗಳು) ಕೂಡ ಅದರೊಳಗೇ ಕೂರಬೇಕು. ಆದ್ದರಿಂದ ಕಿಕ್‌ನ ಬಾಲ, ಅಂದರೆ ಏಟಿನ ನಂತರ ಉಳಿಯುವ ನಾದ, 200ರಿಂದ 300 ಮಿಲಿಸೆಕೆಂಡಿನೊಳಗೆ ಮುಗಿದರೆ ಒಳ್ಳೆಯದು. ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಯಂತ್ರದ ಉದ್ದನೆಯ ಕಿಕ್ ನಿಧಾನದ ಹಾಡಿಗೆ ಚೆಂದ. ಈ ವೇಗದಲ್ಲಿ ಹಾಗೇ ಬಿಟ್ಟರೆ ಬಾಲ ಮುಂದಿನ ಏಟಿನ ಮೇಲೆ ಬಿದ್ದು ಗುಂಯ್‌ಗುಡುತ್ತದೆ. 1983ರ ಟಿಆರ್-909ರ ಕಿಕ್‌ಗೆ ತುದಿ (ಏಟಿನ ಮೊದಲ ಚುರುಕು) ಗಟ್ಟಿ, ಬಾಲ ಚಿಕ್ಕದು. ಹೌಸ್, ಟೆಕ್ನೊ ಶೈಲಿಯ ಡಾನ್ಸ್ ಸಂಗೀತ ಮಾಡುವವರು ಇಂದಿಗೂ ಅದನ್ನೇ ಹುಡುಕುವುದು ಸುಮ್ಮನೆ ಅಲ್ಲ.

ಕಿಕ್‌ಗೂ ಸ್ವರವಿದೆ. ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ, ಈ ತಗ್ಗು ಸ್ಥಾಯಿಯಲ್ಲಿ ಎಫ್ ಅಂದರೆ ಸುಮಾರು 44 ಹರ್ಟ್ಸ್, ಜಿ 49, ಎ 55. ಹಾಡು ಎ ಮೈನರ್‌ನಲ್ಲಿದ್ದು ಕಿಕ್ 51ರಲ್ಲಿ ಗುಡುಗಿದರೆ ಬೇಸ್ ಜೊತೆ ಜಗಳ ಖಂಡಿತ. ಕಿಕ್ ಅನ್ನು ಎರಡು ಮೂರು ಸೆಮಿಟೋನ್ (ಅರ್ಧ ಸ್ವರ) ಏರಿಸಿ ಇಳಿಸಿದರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚು ಇಳಿಸಿದರೆ ತುದಿ ಮೊಂಡಾಗುತ್ತದೆ, ಬಾಲವೂ ಉದ್ದವಾಗುತ್ತದೆ. ಬೇರೆ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕು) ಹುಡುಕುವುದೇ ವಾಸಿ.

ಹೆಚ್ಚಿನವರು ಎಡವುವುದು ಎರಡು ಕಿಕ್‌ಗಳನ್ನು ಒಂದರ ಮೇಲೊಂದು ಹಾಕುವಾಗ. ಎರಡೂ ಸೇರಿದರೆ ದಪ್ಪವಾಗಬೇಕಿತ್ತು, ತೆಳ್ಳಗಾಗುತ್ತದೆ. ಪರದೆಯಲ್ಲಿ ಅಲೆಯನ್ನು ಚೆನ್ನಾಗಿ ಹಿಗ್ಗಿಸಿ ನೋಡಿ: ಒಂದರ ಅಲೆ ಮೇಲೇರುವ ಜಾಗದಲ್ಲೇ ಇನ್ನೊಂದರದ್ದು ಕೆಳಗಿಳಿಯುತ್ತಿರುತ್ತದೆ, ಒಂದನ್ನೊಂದು ತಿಂದುಹಾಕುತ್ತವೆ. ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಇಲ್ಲವೇ ಒಂದೆರಡು ಮಿಲಿಸೆಕೆಂಡ್ ಸರಿಸಿ. ತುದಿಗಾಗಿ ಹಾಕಿದ ಕಿಕ್‌ನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ಕತ್ತರಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಬಾಲ ಕತ್ತರಿಸಿದಲ್ಲಿ 5 ಮಿಲಿಸೆಕೆಂಡ್ ಫೇಡ್ ಕೊಟ್ಟು ಸದ್ದನ್ನು ಮೆಲ್ಲಗೆ ಇಳಿಸಿ, ಇಲ್ಲದಿದ್ದರೆ ಟಿಕ್ ಎಂಬ ಸದ್ದು ಉಳಿಯುತ್ತದೆ.

ಆರಿಸುವಾಗ ಎಲ್ಲ ಕಿಕ್‌ಗಳನ್ನೂ ಒಂದೇ ಮಟ್ಟಕ್ಕೆ ತಂದು, ಬೇಸ್ ನುಡಿಯುತ್ತಿರುವಾಗಲೇ ಕೇಳಬೇಕು. ಬಿಡಿಯಾಗಿ ಕೇಳಿದರೆ ಜೋರಾದದ್ದೇ ಒಳ್ಳೆಯದೆನಿಸಿಬಿಡುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಬರುವುದೇ ಇಲ್ಲ. ನಮ್ಮ ಮಳೆಗಾಲದಲ್ಲಂತೂ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಹೈ-ಹ್ಯಾಟ್‌ನ (ಡ್ರಮ್ ಸೆಟ್ಟಿನ ಜೋಡಿ ತಾಳ) ಸಣ್ಣ ಸದ್ದನ್ನು ಅಳೆಯುವುದು ಆಗದ ಮಾತು. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಮಳೆ ನಿಂತ ಮೇಲೆ ಇನ್ನೊಮ್ಮೆ ಕೇಳಿ.

ಕ್ಲ್ಯಾಪ್ (ಚಪ್ಪಾಳೆ ಸದ್ದು) ಎರಡು ಮತ್ತು ನಾಲ್ಕನೇ ಏಟಿಗೆ. ಹೈ-ಹ್ಯಾಟ್‌ನಲ್ಲಿ 300 ಹರ್ಟ್ಸ್ ಕೆಳಗಿನದು ಬೇಡ. ಮುಚ್ಚಿದ ಹ್ಯಾಟ್ ಬಿದ್ದಾಗ ತೆರೆದ ಹ್ಯಾಟ್ ನಿಲ್ಲುವಂತೆ ಚೋಕ್ ಹಾಕಿ. ಎಲ್ಲ ಏಟಿಗೂ ಒಂದೇ ವೆಲಾಸಿಟಿ (ಏಟಿನ ಬಲ) ಇದ್ದರೆ ಹೊಲಿಗೆ ಯಂತ್ರದ ಹಾಗೆ ಕೇಳುತ್ತದೆ.

ಡೊಳ್ಳನ್ನು ಟ್ರ್ಯಾಕಿಗೆ ಸೇರಿಸುವ ಆಸೆ ನಮ್ಮ ಕಡೆ ಸಹಜ, ಸೇರಿಸಲೇಬೇಕು ಕೂಡ. ಆದರೆ ಅದನ್ನು ಕಿಕ್‌ನ ಜಾಗದಲ್ಲಿ ಕೂರಿಸಬೇಡಿ. 120 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ, ಏಟುಗಳ ನಡುವಿನ ಸಂದಿಯಲ್ಲಿ ನುಡಿಸಿ. ಕೋಲಿನ ಚುರುಕು ಆಗ ಎದ್ದು ಕೇಳುತ್ತದೆ. ಕುಣಿತದ ವಿಡಿಯೊದಿಂದ ಲೂಪ್ (ಮತ್ತೆ ಮತ್ತೆ ನುಡಿಸುವ ತುಣುಕು) ಎತ್ತಿ 128ರ ವೇಗಕ್ಕೆ ಎಳೆದರೆ ಚರ್ಮದ ನಾದವೇ ಕೆಡುತ್ತದೆ. ಕೋಲಿನ ಪೆಟ್ಟು ಬೇರೆ, ಕೈಪೆಟ್ಟು ಬೇರೆ ಮಾಡಿ, ಮೆಲ್ಲಗೆ, ಮಧ್ಯಮ, ಜೋರು ಎಂದು ತಲಾ ನಾಲ್ಕೈದು ಬಿಡಿ ಏಟು ರೆಕಾರ್ಡ್ ಮಾಡಿ. ಮೈಕ್ ಎರಡು ಮೂರು ಅಡಿ ದೂರ, 24 ಬಿಟ್, ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸು. ಆಷಾಢದ ಥಂಡಿಯಲ್ಲಿ ಚರ್ಮ ಸಡಿಲಾಗಿ ಸ್ವರ ಇಳಿದಿರುತ್ತದೆ, ಕಂಡೆನ್ಸರ್ ಮೈಕ್ ಕೂಡ ತೇವಕ್ಕೆ ಚಟಪಟ ಎನ್ನುತ್ತದೆ. ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಟ್ಟುಕೊಳ್ಳಿ. ತಂಡದವರ ಒಪ್ಪಿಗೆ ಕೇಳಿ, ಸಂಭಾವನೆ ಕೊಡಿ, ಟ್ರ್ಯಾಕ್ ಹೊರಬಿಡುವಾಗ ಅವರ ಹೆಸರನ್ನೂ ಹಾಕಿ.

ಇತಿ,
ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ