ಜಗಲಿಗೆ ಗಾರ್ಡೇನಿಯಾ, ಹಿಂದಿನ ಕೋಣೆಗೆ ಮ್ಯಾಗ್ನೋಲಿಯಾ

ಲೆಸ್ಟರ್, ಇಂಗ್ಲೆಂಡ್
ಮಾರ್ಚ್ 9

ಚಿ. ಸುಮಾಳಿಗೆ ಅಣ್ಣನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ ತಿಳಿಸು.

ಊರಿನ ಮನೆಯ ಜಗಲಿಗೂ ಹಿಂದಿನ ಕೋಣೆಗೂ ಬಳಿಸಲು ಆರಿಸಿದ ಎರಡು ಬಣ್ಣದ ಫೋಟೋ ಕಳಿಸಿ ಎಲ್ಲಿಗೆ ಯಾವುದು ಎಂದು ಕೇಳಿದ್ದೀಯಲ್ಲ ಮಾರಾಯ್ತಿ, ಫೋಟೋ ನೋಡಿ ಬಣ್ಣ ಹೇಳುವುದು ಫೋನಿನಲ್ಲಿ ಸಾರಿನ ಉಪ್ಪು ನೋಡಿದ ಹಾಗೆ. ತಿಳಿ ಬಣ್ಣ ಕಂಡರೆ ಕ್ಯಾಮೆರಾ ಅದನ್ನು ಬಿಳಿ ಎಂದುಕೊಂಡು ತಾನೇ ತಿದ್ದಿಬಿಡುತ್ತದೆ. ಅದಕ್ಕೇ ಈ ಲಕೋಟೆಯಲ್ಲಿ ಬಣ್ಣದ ಮಾದರಿಯ ಎರಡು ಚೀಟಿ ಇಟ್ಟಿದ್ದೇನೆ. ಒಂದು ಮ್ಯಾಗ್ನೋಲಿಯಾ, ಇನ್ನೊಂದು ಗಾರ್ಡೇನಿಯಾ. ನೀನು ಆರಿಸಿದ ಎರಡೂ ಹೆಚ್ಚುಕಮ್ಮಿ ಇವೇ.

ಚೀಟಿಯ ಹಿಂದೆ ಬ್ರಿಟಿಷ್ ಸ್ಟ್ಯಾಂಡರ್ಡ್ 4800, ಅಂದರೆ ಇಲ್ಲಿಯವರ ಬಣ್ಣದ ಪಟ್ಟಿಯ ನಂಬರಿದೆ: ಮ್ಯಾಗ್ನೋಲಿಯಾಕ್ಕೆ 08 ಬಿ 15, ಗಾರ್ಡೇನಿಯಾಕ್ಕೆ 10 ಬಿ 15. ಮೊದಲ ಎರಡಂಕಿ ಬಣ್ಣದ ಜಾತಿ, ಅಕ್ಷರ ಅದರಲ್ಲಿ ಬೂದು ಎಷ್ಟಿದೆ ಎಂಬುದು, ಕೊನೆಯ ಅಂಕಿ ಅದರ ತೂಕ, ಎಂದರೆ ಕಣ್ಣಿಗೆ ಎಷ್ಟು ಗಾಢ ಎಂಬುದು. ಅಂದರೆ ಬೂದು ಒಂದೇ ಮಟ್ಟದ್ದು, ತೂಕವೂ ಒಂದೇ. ವ್ಯತ್ಯಾಸ ಇರುವುದು ಆ 08 ಮತ್ತು 10ರಲ್ಲಿ ಮಾತ್ರ. 10 ಎಂದರೆ ಹಳದಿ. 08 ಹಳದಿಯಿಂದ ಒಂದು ಹೆಜ್ಜೆ ಕೆಂಪಿನ ಕಡೆಗೆ. ಹಾಲಿಗೆ ಚೂರು ಬೆಲ್ಲ ಕರಗಿಸಿದ ಹಾಗೆ ಮ್ಯಾಗ್ನೋಲಿಯಾ, ಕೆನೆಯ ಹಾಗೆ ಗಾರ್ಡೇನಿಯಾ. (ಮ್ಯಾಗ್ನೋಲಿಯಾ ನಮ್ಮ ಸಂಪಿಗೆಯ ಬಳಗದ ಹೂವೇ. ಹಾಗೆಂದು ಕೆಂಡಸಂಪಿಗೆಯ ಬಣ್ಣ ಎಂದುಕೊಂಡು ಅಮ್ಮ ಹೆದರುವುದು ಬೇಡ.) ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರ ಆಸುಪಾಸನ್ನು ಎರಡೂ ವಾಪಸು ಕೊಡುತ್ತವೆ. ಹಾಗಾಗಿ ಯಾವುದು ಹಚ್ಚಿದರೆ ಮನೆ ಹೆಚ್ಚು ಬೆಳಕಾಗುತ್ತದೆ ಎಂಬ ಅಪ್ಪಯ್ಯನ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ನೋಡಬೇಕಾದದ್ದು ಆ ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ, ಏನನ್ನು ಮುಟ್ಟಿಕೊಂಡು ಬರುತ್ತದೆ ಎಂಬುದನ್ನು. ಇಂಗ್ಲೆಂಡಿನಲ್ಲಿ ಉತ್ತರದ ಕೋಣೆಗೆ ಬಿಸಿಲೇ ಹೆಚ್ಚು ಕಾಣದು, ಬರುವುದು ಆಕಾಶದ ನೀಲಿ ಬೆಳಕು. ಆ ಚಳಿಬೆಳಕನ್ನು ಮುರಿಯಲು ಮ್ಯಾಗ್ನೋಲಿಯಾದ ಕೆಂಪು ಬೇಕು. ಬಾಡಿಗೆ ಮನೆಗಳಲ್ಲೆಲ್ಲ ಅದನ್ನೇ ಬಳಿದು ಬಳಿದು ಜನ ಬೇಸತ್ತಿದ್ದಾರೆ, ಅದು ಬೇರೆ ಮಾತು. ನಮ್ಮ ಜಗಲಿಯ ಕತೆ ಇದಕ್ಕೆ ಪೂರ್ತಿ ತಿರುಗುಮುರುಗು. ಪಶ್ಚಿಮದ ಬಾಗಿಲು, ಕೆಂಪು ಗಾರೆ ನೆಲ. ಸಂಜೆ ನಾಲ್ಕರ ಬಿಸಿಲು ಮೊದಲು ನೆಲಕ್ಕೆ ಬಿದ್ದು, ಅಲ್ಲಿಂದ ಕೆಂಪಾಗಿ ಗೋಡೆಗೆ ಏರುತ್ತದೆ. ಮೊದಲೇ ಕೆಂಪಿಗೆ ವಾಲಿದ ಮ್ಯಾಗ್ನೋಲಿಯಾದ ಮೇಲೆ ಆ ಬೆಳಕು ಬಿದ್ದರೆ, ಗೋಡೆಯ ಕೆಳಗಿನ ಮೂರು ಅಡಿ ಮೀನಿನ ಕಿವಿರಿನ ಹಾಗೆ ಗುಲಾಬಿಯಾಗುತ್ತದೆ. ಗಾರ್ಡೇನಿಯಾದಲ್ಲಿ ಆ ಕೆಂಪಿಲ್ಲ. ಅದೇ ಬಿಸಿಲಿಗೆ ಅದು ಬೆಣ್ಣೆ ಕಾಯಿಸುವಾಗಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ.

ಹಿಂದಿನ ಕೋಣೆಯ ಕಿಟಕಿ ಅಡಿಕೆ ತೋಟಕ್ಕೆ. ಅಲ್ಲಿಗೆ ಬರುವುದು ಎಲೆಯಿಂದ ಸೋಸಿದ ಹಸಿರು ಬೆಳಕು, ಮಳೆಗಾಲದಲ್ಲಂತೂ ದಿನವಿಡೀ ಅದೇ. ಹಳದಿಗೆ ಹಸಿರು ಸೇರಿದರೆ ಗೋಡೆ ಕಾಯಿಲೆಯವರ ಮುಖದ ಹಾಗೆ ಕಾಣುತ್ತದೆ, ಆದ್ದರಿಂದ ಗಾರ್ಡೇನಿಯಾ ಅಲ್ಲಿಗೆ ಬೇಡ. ಮ್ಯಾಗ್ನೋಲಿಯಾದ ಕೆಂಪು ಆ ಹಸಿರನ್ನು ತಿಂದುಹಾಕಿ ಗೋಡೆಯನ್ನು ಸಹಜವಾಗಿಸುತ್ತದೆ. ಎರಡು ಕೋಣೆಗೆ ಎರಡು ಬಣ್ಣವೇ ಎಂದು ಅಮ್ಮ ಗೊಣಗಬಹುದು. ಬಣ್ಣವನ್ನು ಬಾಗಿಲ ದಾರಂದಕ್ಕೆ ನಿಲ್ಲಿಸಿದರೆ ಬೇರೆ ಬೇರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಂತ ನನ್ನ ಮಾತೇ ಕೊನೆಯಲ್ಲ, ಹಲಗೆ ಮಾಡಿ ನೋಡು. ಎರಡಡಿ ಚೌಕದ ಪ್ಲೈವುಡ್ ಎರಡು ತುಂಡು ತಗೊಂಡು, ಬಿಳಿ ಪ್ರೈಮರ್ (ಅಡಿಬಣ್ಣ) ಒಂದು ಕೈ, ಬಣ್ಣ ಎರಡು ಕೈ ಬಳಿ. ಹಸಿಯಿದ್ದಾಗ ಎಮಲ್ಷನ್ (ನೀರು ಬೆರೆಸುವ ಗೋಡೆಬಣ್ಣ) ಹಾಲು ಹಾಲಾಗಿ ತೆಳುವಾಗಿ ಕಾಣುತ್ತದೆ, ಒಣಗಿದಂತೆ ಗಾಢವಾಗುತ್ತದೆ. ಮರುದಿನದವರೆಗೆ ಏನೂ ತೀರ್ಮಾನ ಮಾಡಬೇಡ. ಹಲಗೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಗುಲಾಬಿಯಾಗಿಯೂ ಇನ್ನೊಂದು ನಿಂಬೆಯಾಗಿಯೂ ಕಂಡು ಮೋಸ ಹೋಗುತ್ತೀ. ಒಂದೊಂದನ್ನೇ ನೆಲಕ್ಕೆ ತಾಗಿಸಿ ಗೋಡೆಗೆ ಒರಗಿಸು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕೂವರೆಗೆ, ಆಮೇಲೆ ರಾತ್ರಿ ದೀಪದಲ್ಲಿ ನೋಡು. ಜಗಲಿಯ ಟ್ಯೂಬ್‌ಲೈಟ್ 6500 ಕೆಲ್ವಿನ್‌ದಾಗಿದ್ದರೆ (ಬೆಳಕಿನ ಬಣ್ಣದ ಅಳತೆ ಅದು, ಅಂಕಿ ಏರಿದಷ್ಟೂ ಬೆಳಕು ನೀಲಿ) ಅದನ್ನೂ ಬದಲಿಸಬೇಕು. ಆ ನೀಲಿ ಬೆಳಕಿನಲ್ಲಿ ಗಾರ್ಡೇನಿಯಾ ಹಸಿರಿಗೆ ತಿರುಗುತ್ತದೆ, ಮ್ಯಾಗ್ನೋಲಿಯಾ ಬೂದು ಬೂದಾಗುತ್ತದೆ. 3000 ಅಥವಾ 4000 ಎಂದು ಬರೆದ ಎಲ್‌ಇಡಿ ತರಿಸು.

ಶಿವಮೊಗ್ಗದ ಅಂಗಡಿಯಲ್ಲಿ ಮೊದಲು ನಂಬರ್ ಹೇಳು. ಅವರ ಮಿಕ್ಸಿಂಗ್ ಮೆಷಿನ್ನಿನ ಪಟ್ಟಿಯಲ್ಲಿ ಬ್ರಿಟಿಷ್ ನಂಬರ್ ಇಲ್ಲದಿದ್ದರೆ ಚೀಟಿಯನ್ನೇ ಸ್ಕ್ಯಾನ್ ಮಾಡಿ ಹೊಂದಿಸುತ್ತಾರೆ. ಹೊಂದಿಸಿದ್ದನ್ನು ಅಂಗಡಿಯ ದೀಪದಡಿ ನೋಡಿ ಒಪ್ಪಬೇಡ, ಹೊರಗೆ ಬಿಸಿಲಿಗೆ ತಂದು ನೋಡು. ಬೇರೆ ಪಿಗ್ಮೆಂಟಿನಿಂದ (ಬಣ್ಣದ ಪುಡಿಯಿಂದ) ಮಾಡಿದ ಬಣ್ಣ ಒಂದು ಬೆಳಕಿನಲ್ಲಿ ಚೀಟಿಯ ಜೊತೆ ಕೂಡಿ ಇನ್ನೊಂದರಲ್ಲಿ ಬೇರೆಯಾಗಿ ಕಾಣುತ್ತದೆ. ಇನ್ನೊಂದು ವಿಷಯ: ಇಷ್ಟು ತಿಳಿ ಬಣ್ಣಕ್ಕೆ ಬೀಳುವುದು ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಕಪ್ಪಿನ ಕೆಲವೇ ಹನಿ. 1 ಲೀಟರ್ ಡಬ್ಬಿಯಲ್ಲಿ ಅರ್ಧ ಹನಿ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ, ದೊಡ್ಡ ಡಬ್ಬಿಯಲ್ಲಿ ಆ ತಪ್ಪು ಕರಗಿಹೋಗುತ್ತದೆ.

ಲೆಕ್ಕ ಹೀಗೆ. ಜಗಲಿ 18ಕ್ಕೆ 14, ಎತ್ತರ 10 ಅಡಿ: ಗೋಡೆ 640 ಚದರಡಿ. ಮೂರು ಬಾಗಿಲು, ಮೂರು ಕಿಟಕಿಗೆ 111 ಕಳೆದರೆ 529. ಎರಡು ಕೈಗೆ ಲೀಟರಿಗೆ 120 ಚದರಡಿ ಹಿಡಿದರೆ 4.4 ಲೀಟರ್. 4 ಲೀಟರಿನದೊಂದು, 1 ಲೀಟರಿನದೊಂದು ತಂದು, ಕೆಲಸ ಶುರುವಾಗುವ ಮೊದಲೇ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಲು ಹೇಳು. ಇಲ್ಲವಾದರೆ ಕೊನೆಯ ಗೋಡೆಯ ನಡುವೆ ಬಣ್ಣ ಬದಲಾದ ಗೆರೆ ಉಳಿಯುತ್ತದೆ. ಹಿಂದಿನ ಕೋಣೆಗೆ 4 ಲೀಟರ್ ಸಾಕು.

ಗೋಡೆಗೆ ಕೈ ಒರೆಸಿ ನೋಡು. ಬಿಳಿ ಪುಡಿ ಹತ್ತಿದರೆ ಹಳೆಯ ಸುಣ್ಣ ಇನ್ನೂ ಅಲ್ಲೇ ಇದೆ ಎಂದರ್ಥ. ಅದನ್ನು ಪೂರ್ತಿ ಕೆರೆಯದೆ ಪುಟ್ಟಿ ಹಾಕಿದರೆ ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕೆರೆದು, ಪುಟ್ಟಿ ಎರಡು ಕೈ, 180ರ ಎಮರಿ ಪೇಪರ್, ಆಮೇಲೆ 320ರದ್ದು, ಧೂಳು ಒರೆಸಿ ಪ್ರೈಮರ್. ನೀರು ಡಬ್ಬಿಯ ಮೇಲೆ ಬರೆದಷ್ಟೇ. ಎರಡು ಕೈಗಳ ನಡುವೆ ನಾಲ್ಕು ಗಂಟೆ ಬಿಡಲಿ. ನೀರು ಜಾಸ್ತಿ ಸುರಿದು ಮೂರು ಕೈ ಹೊಡೆದೆ ಎನ್ನುವ ಪೇಂಟರ್‌ಗಿಂತ ಸರಿಯಾಗಿ ಎರಡು ಕೈ ಹೊಡೆಯುವವನು ಮೇಲು. ಹೊಳಪಿನ ಫಿನಿಶ್ ಬೇಡ, ಪಶ್ಚಿಮದ ಓರೆಬಿಸಿಲಿಗೆ ಹಳೆ ಗೋಡೆಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಹೊಳಪಿಲ್ಲದ, ತೊಳೆಯಲು ಬರುವ ಮ್ಯಾಟ್ ಕೇಳು. ಜಗಲಿಯಲ್ಲಿ ಗೋಡೆಗೆ ಒರಗಿ ಕೂತವರ ತಲೆಯೆಣ್ಣೆ, ನೆಲದಿಂದ ಮೂರಡಿ ಮೇಲೆ, ಸಾಲಾಗಿ ಬೋಂಡದಷ್ಟು ದುಂಡನೆ ಕಲೆ ಮಾಡುತ್ತದಲ್ಲ, ಸಾದಾ ಮ್ಯಾಟ್‌ನಲ್ಲಿ ಅದು ಒಳಗೇ ಇಳಿದುಬಿಡುತ್ತದೆ.

ಮಾಡಿಗೆ, ಎಂದರೆ ಛಾವಣಿಯ ಒಳಮೈಗೆ, ನೀಲಿ ಹಾಕಿದ ಬಿಳಿ ಮಾತ್ರ ಬಳಿಸಬೇಡ. ಸುಣ್ಣಕ್ಕೆ ನೀಲಿ ಬೆರೆಸುವ ಅಭ್ಯಾಸ ಪೇಂಟರ್‌ಗಳಿಗೆ ಇನ್ನೂ ಹೋಗಿಲ್ಲ. ಆ ನೀಲಿಬಿಳಿಯ ಪಕ್ಕ ಗಾರ್ಡೇನಿಯಾ ಹೊಗೆ ಹಿಡಿದ ಗೋಡೆಯಂತೆ ಮಾಸಲು ಕಾಣುತ್ತದೆ. ಅದರ ಬದಲು ಮಾಡಿಗೆ ಗೋಡೆಯ ಬಣ್ಣವನ್ನೇ ಕಾಲುಭಾಗಕ್ಕೆ ಇಳಿಸಿ ಮಿಕ್ಸ್ ಮಾಡಿಕೊಡಿ ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ.

ಹಲಗೆ ನೋಡಿ ಎರಡು ದಿನದಲ್ಲಿ ಫೋನ್ ಮಾಡು. ಚೀಟಿಯನ್ನು ಕಿಟಕಿಯ ಬಿಸಿಲಿನಲ್ಲಿಡಬೇಡ, ಪುಸ್ತಕದೊಳಗೆ ಇಡು. ಅಂಗಡಿಯಲ್ಲಿ ಸ್ಕ್ಯಾನ್ ಆದಮೇಲೆ ಮರೆಯದೆ ವಾಪಸು ತಗೋ.

ನಿನ್ನ ಅಣ್ಣ