1928ರ ಡಬ್ಬಿಯಲ್ಲಿ ಬೆಟ್ಟದ ತುದಿಗೆ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಿದರೆ ನೀನು ಮಧ್ಯದಲ್ಲೇ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿ ಹತ್ತಿರವೇ ಕೂತುಬಿಡುತ್ತಿದ್ದವನು ನಾನು, ಅಲ್ವಾ? ಕಳೆದ ಭಾನುವಾರ ಆಲ್ಪ್ಸ್‌ನ ಒಂದು ತುದಿಯಲ್ಲಿ ನಿಂತಿದ್ದೆ ಕಣೋ! ಹತ್ತಿದ್ದು ಎಂಟೂವರೆ ನಿಮಿಷದಲ್ಲಿ.

ಮ್ಯೂನಿಕ್‌ನಿಂದ ರೈಲಿನಲ್ಲಿ ಬಾಡ್ ರೈಖೆನ್‌ಹಾಲ್‌ಗೆ ಹೋದೆ. ಉಪ್ಪಿಗೆ ಹೆಸರಾದ ಊರು, ಆಸ್ಟ್ರಿಯಾ ಗಡಿ ಪಕ್ಕದಲ್ಲೇ. ಊರಿನ ನೆತ್ತಿಯ ಮೇಲೇ ಪ್ರೆಡಿಗ್ಟ್‌ಸ್ಟೂಲ್ ಬೆಟ್ಟ, 1,613 ಮೀಟರ್. ಚರ್ಚಿನಲ್ಲಿ ಪಾದ್ರಿ ನಿಂತು ಪ್ರವಚನ ಮಾಡುವ ಪೀಠ ಅಂತ ಹೆಸರಿನ ಅರ್ಥ. ಇಲ್ಲಿನ ರೋಪ್‌ವೇ ಶುರುವಾದದ್ದು 1928ರಲ್ಲಿ. ಮೂಲ ರೂಪದಲ್ಲೇ ಉಳಿದಿರುವ ಇಂಥ ರೋಪ್‌ವೇಗಳಲ್ಲಿ ಜಗತ್ತಿಗೇ ಹಳೆಯದಂತೆ. ಓದುವಾಗ ಖುಷಿಯಾಗಿತ್ತು. ಒಳಗೆ ಕಾಲಿಟ್ಟಾಗ ಮಾತ್ರ ಆ 'ಹಳೆಯದು' ಅನ್ನೋ ಪದ ಹೊಟ್ಟೆಯಲ್ಲಿ ಕೂತುಕೊಂಡಿತು.

ಕ್ಯಾಬಿನ್ ಅಂದ್ರೆ ಸುತ್ತಲೂ ಕಿಟಕಿ ಇರುವ ಪುಟ್ಟ ಮಂಟಪ. ಇಪ್ಪತ್ತೈದು ಜನ ಹಿಡಿಸುತ್ತಾರೆ. ಬಾವಿಯ ರಾಟೆಯ ಹಗ್ಗಕ್ಕೆ ಎರಡೂ ತುದಿಯಲ್ಲಿ ಕೊಡ ಕಟ್ಟಿದ ಹಾಗೆ ಲೆಕ್ಕ: ಒಂದು ಕ್ಯಾಬಿನ್ ಮೇಲೇರಿದರೆ ಇನ್ನೊಂದು ಇಳಿಯುತ್ತದೆ. ಭಾರ ಹೊರುವ ಹಗ್ಗ ಬೇರೆ, ಎಳೆಯುವ ಹಗ್ಗ ಬೇರೆ. ದಾರಿಯಲ್ಲಿ ಇರೋದು ಮೂರೇ ಕಾಂಕ್ರೀಟ್ ಕಂಬ. ಕಂಬ ದಾಟುವಾಗ ಡಬ್ಬಿ ಒಮ್ಮೆ ತೂಗಿತು ನೋಡು, ಎಲ್ಲರೂ 'ಹೋ' ಅಂದರು. ನಾನು 'ಅಮ್ಮಾ' ಅಂದೆ. ಪಕ್ಕದ ಅಜ್ಜಿ ಏನೂ ಆಗದವರ ಹಾಗೆ ಕೈಗವಸು ಹೆಣೆಯುತ್ತಿದ್ದರು. ಮಾನ ಹೋಯ್ತು.

ಮೇಲೆ ಹೋದರೆ ಬರೀ ಮೋಡ! ಟಿಕೆಟ್ ದುಡ್ಡು ದಂಡ ಅಂದುಕೊಂಡು ಬೆಂಚಿನ ಮೇಲೆ ಕೂತು ನಿಮ್ಮಮ್ಮ ಕಳಿಸಿದ ಚಕ್ಕುಲಿ ಪೊಟ್ಟಣ ಬಿಚ್ಚಿದೆ. ಎಲ್ಲಿತ್ತೋ, ಒಂದು ಹಕ್ಕಿ ಬಂದು ಎದುರಿಗೇ ಕೂತಿತು. ನಮ್ಮ ಕಾಗೆಯ ತಮ್ಮನ ಹಾಗೆ, ಮೈಯೆಲ್ಲ ಕಪ್ಪು, ಕೊಕ್ಕು ಮಾತ್ರ ಅರಿಸಿನ ಬಳಿದಷ್ಟು ಹಳದಿ. ತಲೆ ಓರೆ ಮಾಡಿ ಚಕ್ಕುಲಿಯನ್ನೇ ನೋಡುತ್ತಿತ್ತು. ನಾವಿಬ್ಬರೂ ಹೀಗೆ ಸುಮ್ನೆ ದಿಟ್ಟಿಸಿಕೊಂಡು ಕೂತಿರುವಾಗ ಅದರ ಬೆನ್ನ ಹಿಂದೆ ಮೋಡ ಹರಿದು, ವಾಟ್ಸ್‌ಮಾನ್ ಶಿಖರ ಹಿಮ ಹೊತ್ತು ನಿಂತಿತ್ತು. ಫೋಟೋ ತೆಗೆಯೋಣ ಅಂತ ಪೊಟ್ಟಣ ಪಕ್ಕಕ್ಕಿಟ್ಟೆ.

ಫೋಟೋ ಚೆನ್ನಾಗಿ ಬಂದಿದೆ, ಕಳಿಸುತ್ತೇನೆ. ಚಕ್ಕುಲಿ ಪೂರ್ತಿ ನಾನೇ ತಿಂದೆ ಅಂತ ಅಮ್ಮನಿಗೆ ಹೇಳು.

ನಿನ್ನವನೇ